ಒಂಟಿ ಕೂಗು

ಇವತ್ತು ನಡುಮಧ್ಯಾಹ್ನ ಮಜ್ಜಿಗೆ ಕಡೆಯುತ್ತಾ ಕೂತಿದ್ದೆ. ಅಂಗಳದಿಂದ "ಅಮ್ಮೋವ್" ಎಂಬ ಕೂಗು ಬಂತು. ಒಂದೇ ಕೂಗು. ಕಡೆಗೋಲು ಹಿಡಿದ ಕೈ ಹಾಗೇ ನಿಂತುಬಿಟ್ಟಿತು.

ನಿಮ್ಮ ಕಡೆ ಹೇಗೋ ಕಾಣೆ, ನಮ್ಮ ಹೊಳವನಹಳ್ಳಿಯ ಮನೆಯಲ್ಲಿ ಉರಿಬಿಸಿಲಿನ ಒಂಟಿ ಕೂಗಿಗೆ ಓಗೊಡುವಂತಿಲ್ಲ. ಬದುಕಿರುವವರು ಮೂರು ಸಲ ಕೂಗುತ್ತಾರೆ, ಸತ್ತವರು ಒಂದೇ ಸಲ. ಓಗೊಟ್ಟರೆ ಒಳಗೇ ಬಂದುಬಿಡುತ್ತಾರೆ. ಇದು ನಮ್ಮವ್ವನ ಶಾಸ್ತ್ರ. ನಾನು ಕೊರಟಗೆರೆಯಲ್ಲಿ ಮಕ್ಕಳಿಗೆ ವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳು. ಆದರೂ ಈ ಶಾಸ್ತ್ರವನ್ನು ಒಮ್ಮೆಯೂ ಮೀರಿದವಳಲ್ಲ, ನಗಬೇಡಿ.

ಆದರೆ ಈ ಕೂಗಿನ ಗುರುತು ನನಗಿತ್ತು. ಬದುಕಿದ್ದಾಗಲೂ ಒಂದೇ ಸಲ ಕೂಗುತ್ತಿದ್ದವಳು ಹನುಮಕ್ಕ. ಊರಾಚೆಯ ಕಾಲೋನಿಯವಳು, ನಮ್ಮ ಅಂಗಳ, ಕೊಟ್ಟಿಗೆ ಗುಡಿಸುತ್ತಿದ್ದವಳು. ಅಂಗಳದ ಅಂಚಿನಲ್ಲೊಂದು ಕಲ್ಲಿದೆ. ಅದರ ಹತ್ತಿರ ನಿಂತು ಕೂಗಿ, ಯಾರಾದರೂ ಬರುವ ತನಕ ಬಿಸಿಲಲ್ಲೇ ಕಾಯುತ್ತಿದ್ದಳು. ಇನ್ನೊಂದು ಸಲ ಕೂಗಬಾರದಾ ಅಂದರೆ, "ಮೂರ್ ಸಲ ಕೂಗುದ್ರೆ ಸೊಕ್ಕು ಅಂತಾರೆ ಕಣವ್ವ" ಅನ್ನುವಳು. ಅವ್ವ ಮಾತ್ರ ದೆವ್ವವೋ ಹನುಮಕ್ಕನೋ ಅಂತ ಮೊದಲು ಕಿಟಕಿಯಿಂದ ಇಣುಕುತ್ತಿದ್ದಳು. ಇಬ್ಬರೂ ನಮ್ಮ ಹೊಸಿಲು ದಾಟಬಾರದವರೇ.

ಒಂದು ಸಲ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಮೀಸಲಾತಿಗೆ ಬಂದು, ಹನುಮಕ್ಕ ಅಧ್ಯಕ್ಷೆಯಾದಳು. ಸದಸ್ಯನಾಗಿದ್ದ ನಮ್ಮಪ್ಪ ಆಫೀಸಿನಲ್ಲಿ ಎದ್ದು ನಿಂತು "ಅಧ್ಯಕ್ಷರೇ" ಅನ್ನಬೇಕಾಯಿತು. ಮನೆಗೆ ಬಂದರೆ ಮೈಯೆಲ್ಲ ಉರಿ! ಒಂದು ಮಧ್ಯಾಹ್ನ ಸಭೆಯ ವಿಷಯ ಹೇಳಲು ಬಂದ ಅಧ್ಯಕ್ಷೆ ಅದೇ ಕಲ್ಲಿನ ಹತ್ತಿರ ನಿಂತಿದ್ದಳು. ಅಪ್ಪ ಜಗಲಿಯ ನೆರಳಿನಿಂದಲೇ ಉಪದೇಶ ಶುರು ಮಾಡಿದ.

"ಇದೆಲ್ಲ ಸರ್ಕಾರ ಕಾನೂನ್ ಮಾಡಿ ಆಗಾದಲ್ಲ ಹನುಮಕ್ಕ. ಜನದ ಮನ್ಸು ತಾನಾಗೇ ಬದ್ಲಾಗ್ಬೇಕು."

"ಬದ್ಲಾಗ್ಲಿ ಬುದ್ಧೀ, ಬ್ಯಾಡ ಅಂದೋರ್ಯಾರು? ಅಲ್ಲೀಗಂಟ ನಾನೆಲ್ಲಿ ನಿಂತ್ಕಳ್ಳಲಿ, ಅದ್ನೂ ಹೇಳ್ಬುಡಿ."

ಅಪ್ಪ ಎಲೆಅಡಿಕೆ ಉಗಿಯುವ ನೆಪದಲ್ಲಿ ಎದ್ದು ಹೋದ.

ಆಮೇಲೆ ಅವಳು ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ಒಳಗೆ ಹೆಂಗೈತವ್ವಾ?" ಅಷ್ಟು ವರ್ಷ ಅಂಗಳ ಗುಡಿಸಿದವಳು ನಡುಮನೆ ಕಂಡಿರಲಿಲ್ಲ. ಕಂಬಗಳಿವೆ, ಕೂತರೆ ಕಿರುಗುಟ್ಟುವ ಹಳೇ ಬೆಂಚಿದೆ ಅಂದೆ. ಬಂದು ನೋಡು ಅನ್ನುವ ಮಾತು ಬಾಯಿಯ ತನಕ ಬಂತು. ಕಿಟಕಿಯಲ್ಲಿ ಅವ್ವ ಇದ್ದಳು. ಹನುಮಕ್ಕನಿಗೆ ಅರ್ಥವಾಯಿತು, ನಕ್ಕಳು.

"ಆಫೀಸ್‌ಗೆ ಆರ್ಡರ್ ಬಂತು, ಹೋಗಿ ಕುಂತ್ಕಂಡೆ. ಇಲ್ಲಿಗ್ ಯಾವ ಆರ್ಡರೂ ಬರಾಕಿಲ್ಲ, ನೀನೇ ಕರೀಬೇಕು. ಕರುದ್ರೆ ಸತ್ರೂ ಎದ್ ಬತ್ತೀನಿ ಕಣವ್ವ."

ಅಪ್ಪ, ಅವ್ವ ಹೋದರು. ಮನೆ ನನ್ನ ಪಾಲಿಗೆ ಬಂತು. ಅಪ್ಪ ಹೇಳಿದ್ದ ಹಾಗೆಯೇ, ಯಾವ ಆರ್ಡರೂ ಇಲ್ಲದೆ ನನ್ನ ಮನಸ್ಸು ತಾನಾಗೇ ಬದಲಾಗಿತ್ತು. ಏನು ಬಂತು ಭಾಗ್ಯ? ನೆಂಟರು ಏನಂದಾರು, ಈ ಹಬ್ಬವೊಂದು ಕಳೆಯಲಿ ಅಂತ ಮುಂದೂಡುತ್ತಾ ಕೂತೆ. ಹೋದ ಬೇಸಿಗೆಯಲ್ಲಿ ಹನುಮಕ್ಕ ತೀರಿಕೊಂಡಳು.

ಮತ್ತೆ ಇವತ್ತು ಈ ಕೂಗು.

ಬಾಗಿಲು ತೆಗೆದೆ. ಬರಿಗಾಲಲ್ಲೇ ಅಂಗಳ ದಾಟಿ ಕಲ್ಲಿನ ತನಕ ಹೋದೆ. ಒಂದು ನರಪಿಳ್ಳೆಯೂ ಇರಲಿಲ್ಲ. ಅಂಗಳದ ತುಂಬ ಪೊರಕೆಯ ಗೀರುಗಳಿದ್ದವು, ಆಗತಾನೇ ಗುಡಿಸಿದಂತೆ. ನಾನು ಬೆಳಗಿನಿಂದ ಪೊರಕೆ ಮುಟ್ಟಿರಲಿಲ್ಲ. ಅವ್ವನ ಶಾಸ್ತ್ರ ನೆನಪಾಯಿತು. ಆದರೂ ಹೇಳಿಯೇಬಿಟ್ಟೆ.

"ಒಳಗ್ ಬಾ ಹನುಮಕ್ಕ."

ಒಂದು ಎಲೆಯೂ ಅಲ್ಲಾಡಲಿಲ್ಲ. ಸದ್ಯ, ಬದುಕಿದೆ ಅಂದುಕೊಂಡೆ. ಹಾಗೆ ಅಂದುಕೊಂಡಿದ್ದಕ್ಕೆ ನಾಚಿಕೆಯೂ ಆಯಿತು.

ಆಗ ನಡುಮನೆಯಲ್ಲಿ ಬೆಂಚು ಕಿರುಗುಟ್ಟಿತು.

"ಒಳೀಕ್ ಬಾರವ್ವ, ಬಿಸ್ಲಾಗ್ ಯಾಕ್ ನಿಂತಿದ್ದೀಯ?"

ಅಂಗಾಲು ಸುಡುತ್ತಿತ್ತು. ನಾನು ಅವಳ ಕಲ್ಲಿನ ಹತ್ತಿರ ನಿಂತಿದ್ದೆ. ಅವಳು ಕರೆದದ್ದು ಒಂದೇ ಸಲ. ಮೂರನೇ ಕೂಗಿಗೆ ಕಾಯದೆ, "ಬಂದೆ" ಅಂದೆ.