ಇಲ್ಲದ ಪದ್ಮಿನಿಗೆ ಬಂದ ಆಹ್ವಾನ

2020ರ ಜನವರಿಯಲ್ಲಿ ನಾನು ದಕ್ಷಿಣ ಕೆರೊಲೈನಾದ ಫೋರ್ಟ್ ಮಿಲ್ ಎಂಬ ಊರಿನಲ್ಲಿದ್ದೆ. ಷಾರ್ಲಟ್ ನಗರ ಇರುವುದು ಉತ್ತರ ಕೆರೊಲೈನಾದಲ್ಲಿ; ಆದರೆ ಅಲ್ಲಿನ ಬ್ಯಾಂಕುಗಳಲ್ಲಿ ಕೆಲಸ ಮಾಡುವ ಎಷ್ಟೋ ಕನ್ನಡಿಗರು ಗಡಿಯ ಈಚೆಗೆ, ಈ ಊರಿನಲ್ಲಿ ಮನೆ ಮಾಡಿಕೊಂಡಿದ್ದಾರೆ. ನನ್ನ ಹುದ್ದೆಯ ಹೆಸರು ಡೇಟಾ ಮ್ಯಾನೇಜರ್. ಅಧ್ಯಕ್ಷೀಯ ಚುನಾವಣೆಗೆ ಪಕ್ಷದ ಟಿಕೆಟ್ ಬಯಸಿದ್ದ ಹಲವರಲ್ಲಿ ಒಬ್ಬರ ಪ್ರಚಾರ ಕಚೇರಿಯಲ್ಲಿ ಮತದಾರರ ಪಟ್ಟಿ ನೋಡಿಕೊಳ್ಳುವ ಕೆಲಸ. ಅದಕ್ಕೆ ಮೊದಲು ಇಪ್ಪತ್ತೆಂಟು ವರ್ಷ ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಯೊಂದರಲ್ಲಿ ಅಂಕಿಅಂಶದ ಕೆಲಸ ಮಾಡಿ ನಿವೃತ್ತಳಾಗಿದ್ದೆ. ವಾಷಿಂಗ್ಟನ್ನಿಗೆ ಹತ್ತಿರದ ಎಲಿಕಾಟ್ ಸಿಟಿಯ ಮನೆಯನ್ನು ಗಂಡನಿಗೆ ಒಪ್ಪಿಸಿ, ಎರಡು ತಿಂಗಳ ಮಟ್ಟಿಗೆ ಇಲ್ಲೊಂದು ಸಣ್ಣ ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿದಿದ್ದೆ.

ಈ ಟಿಕೆಟ್ಟಿಗಾಗಿ ನಡೆಯುವ ಪ್ರೈಮರಿ ಎಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆ ಟಿಕೆಟ್ ಯಾರಿಗೆ ಎಂದು ಹೈಕಮಾಂಡ್ ನಿರ್ಧರಿಸುತ್ತದೆ. ಇಲ್ಲಿ ಆ ತೀರ್ಮಾನವನ್ನೂ ಜನರೇ ಮತ ಹಾಕಿ ಮಾಡುತ್ತಾರೆ. ಹಾಗಾಗಿ ನವೆಂಬರಿನ ನಿಜವಾದ ಚುನಾವಣೆಗೆ ಮೊದಲು ಒಂದೇ ಪಕ್ಷದವರು ಬಣಗಳಾಗಿ ಒಡೆದು ತಿಂಗಳುಗಟ್ಟಲೆ ಬಡಿದಾಡುತ್ತಾರೆ. ಎದುರು ಪಕ್ಷದವರನ್ನು ಕಂಡರೆ ನಮಗೆ ಬರೀ ಅಸಡ್ಡೆ. ನಮ್ಮದೇ ಪಕ್ಷದ ಇನ್ನೊಂದು ಬಣವನ್ನು ಕಂಡರೆ ಹೊಟ್ಟೆಯಲ್ಲಿ ಬೆಂಕಿ. ದಾಯಾದಿ ಜಗಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫೆಬ್ರವರಿ ಕೊನೆಯ ಶನಿವಾರ ದಕ್ಷಿಣ ಕೆರೊಲೈನಾದ ಮತದಾನವಿತ್ತು.

ಭಾರತೀಯ ಮತದಾರರ ಮನೆಗಳಿಗೆ ಹೋಗಲು ನಮ್ಮಲ್ಲಿ ನಾಲ್ವರು ಕ್ಯಾಪ್ಟನ್‌ಗಳಿದ್ದರು. ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ. ಪ್ರತಿ ಹೆಸರಿನ ಮುಂದೆ ಒಂದರಿಂದ ಐದರವರೆಗೆ ಒಂದು ಅಂಕಿ: ಒಂದು ಎಂದರೆ ಖಂಡಿತ ನಮ್ಮವರು, ಐದು ಎಂದರೆ ಖಂಡಿತ ಅವರ ಕಡೆ. ಮೂರು ಎಂದು ಬರೆದವರೇ ನಮ್ಮ ಆಸ್ತಿ, ಏಕೆಂದರೆ ಅವರು ಇನ್ನೂ ಮನಸ್ಸು ಮಾಡಿರುವುದಿಲ್ಲ. ಆ ಪಟ್ಟಿ ಇನ್ನೊಂದು ಬಣದ ಕೈ ಸೇರಿತೆಂದರೆ ನಮ್ಮ ಎರಡು ತಿಂಗಳ ದುಡಿಮೆ ಅವರ ತಟ್ಟೆಗೆ ಬಡಿಸಿದ ಹಾಗೆ.

ಪಟ್ಟಿ ಸೋರಿದರೆ ಪತ್ತೆ ಹಚ್ಚಲು ನಮ್ಮ ವೃತ್ತಿಯಲ್ಲಿ ಒಂದು ಉಪಾಯವಿದೆ. ಪ್ರತಿಯೊಬ್ಬರ ಪ್ರತಿಯಲ್ಲಿ ಒಂದೊಂದು ಸುಳ್ಳು ಹೆಸರು ಸೇರಿಸುವುದು. ಸರ್ಕಾರದ ಪಟ್ಟಿಗಲ್ಲ, ನಮ್ಮ ಪ್ರತಿಗೆ ಮಾತ್ರ. ಹೆಸರು ಸುಳ್ಳು, ವಿಳಾಸ ನಮ್ಮವರದೇ ಯಾರದಾದರೂ. ಆ ಹೆಸರಿಗೆ ಎದುರು ಬಣದಿಂದ ಕಾಗದ ಬಂತೆಂದರೆ ಯಾರ ಪ್ರತಿ ಹೊರಗೆ ಹೋಯಿತೆಂದು ತಿಳಿಯುತ್ತದೆ. ನಾಲ್ವರು ಕ್ಯಾಪ್ಟನ್‌ಗಳಲ್ಲಿ ಒಬ್ಬರಾದ ನಾಗೇಂದ್ರರ ಪ್ರತಿಗೆ ನಾನು ಪದ್ಮಿನಿ ಭಾರದ್ವಾಜ್ ಎಂಬ ಹೆಂಗಸನ್ನು ಸೃಷ್ಟಿ ಮಾಡಿದೆ. ವಯಸ್ಸು ಮೂವತ್ತೆಂಟು, ಒಂಟಿ ವಾಸ, ಅಂಕಿ ಮೂರು. ವಿಳಾಸ ನನ್ನದೇ ಬಾಡಿಗೆ ಅಪಾರ್ಟ್‌ಮೆಂಟಿನದು. ನಾನು ಎಲ್ಲಿ ಉಳಿದುಕೊಂಡಿದ್ದೇನೆಂದು ಯಾರಿಗೂ ಹೇಳಿರಲಿಲ್ಲ.

ನಾನು ಹುಟ್ಟಾ ಅನುಮಾನದ ಪ್ರಾಣಿ. ನನ್ನ ಗಂಡ, “ನಿನಗೆ ದೇವರು ಪ್ರತ್ಯಕ್ಷ ಆದ್ರೂ ಐಡಿ ಕೇಳ್ತೀಯ” ಎಂದು ರೇಗಿಸುವುದುಂಟು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ನಾಗೇಂದ್ರ ಮೈಸೂರಿನವರು, ನಲವತ್ತು ದಾಟಿದ ಬ್ಯಾಂಕ್ ಎಂಜಿನಿಯರ್. ಹದಿನಾರು ವರ್ಷ ವೀಸಾ, ಗ್ರೀನ್ ಕಾರ್ಡ್ ಎಂದು ಕಾದು ಹಿಂದಿನ ಬೇಸಿಗೆಯಲ್ಲಷ್ಟೇ ಅಮೆರಿಕದ ಪ್ರಜೆಯಾಗಿದ್ದರು. ಹಾಗಾಗಿ ಇದು ಅವರ ಮೊದಲ ಮತ. ಮತದಾರರ ಕಾರ್ಡನ್ನು ಪರ್ಸಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಹೋದ ಮನೆಯಲ್ಲೆಲ್ಲ ಅದನ್ನು ತೆಗೆದು ತೋರಿಸಿ, “ನೋಡಿ, ನನ್ನ ಫಸ್ಟ್ ವೋಟ್ ಇದು. ನೀವೂ ಮಿಸ್ ಮಾಡ್ಬೇಡಿ” ಎನ್ನುತ್ತಿದ್ದರು. ನಾಲ್ವರಲ್ಲಿ ಅತಿ ಹೆಚ್ಚು ಬಾಗಿಲು ತಟ್ಟಿದವರು ಅವರೇ. ಅದೂ ನನಗೆ ಅನುಮಾನಕ್ಕೆ ಕಾರಣವಾಗಿತ್ತು. ಇಷ್ಟೊಂದು ಉತ್ಸಾಹ ಯಾಕೆ ಎಂದು.

ಅನುಮಾನಕ್ಕೆ ಇನ್ನೊಂದು ಕಾರಣ ವಿಮಲಾ ಆಂಟಿ. ಎಪ್ಪತ್ತರ ದಶಕದಲ್ಲಿ ಬಂದ ಮಕ್ಕಳ ಡಾಕ್ಟರ್, ಈಗ ನಿವೃತ್ತೆ, ಆ ಸೀಮೆಯ ಕನ್ನಡಿಗರಿಗೆಲ್ಲ ಹಿರಿಯಕ್ಕ. ಪಕ್ಷಕ್ಕೆ ಅವರ ನಿಷ್ಠೆ ಎಷ್ಟೆಂದರೆ, ಯಾವ ಬಣ ಎಂದು ಕೇಳಿದರೆ ನಗುತ್ತಿದ್ದರು. “ನಂಗೆ ಬಣಗಿಣ ಗೊತ್ತಿಲ್ಲಮ್ಮ. ಪಾರ್ಟಿ ಯಾರನ್ನ ನಿಲ್ಲಿಸುತ್ತೋ ಅವರಿಗೆ” ಎನ್ನುತ್ತಿದ್ದರು. ಒಂದು ಭಾನುವಾರ ನಮ್ಮವರಿಗೆ ಮನೆಯಲ್ಲಿ ಕಾಫಿ, ಮುಂದಿನ ಭಾನುವಾರ ಎದುರು ಬಣದವರಿಗೆ. ಇಂಥ ತಟಸ್ಥರನ್ನು ನಾನು ನಂಬುವವಳಲ್ಲ. ಫೆಬ್ರವರಿ ಮೊದಲ ವಾರ, ಎದುರು ಬಣದ ಕಾಫಿ ಕೂಟ ನಡೆದ ದಿನ, ಅವರ ಮನೆಯ ಮುಂದೆ ನಾಗೇಂದ್ರರ ಕಾರು ನಿಂತಿದ್ದನ್ನು ನಾನೇ ಕಂಡೆ. ಹಿಂದಿನ ಗಾಜಿನ ಮೇಲಿದ್ದ ನಮ್ಮ ಅಭ್ಯರ್ಥಿಯ ಸ್ಟಿಕ್ಕರ್ ಇರಲಿಲ್ಲ. ಕಿತ್ತ ಅಂಟು ಮಾತ್ರ ಉಳಿದಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಆ ವಾರವೆಲ್ಲ ನನಗೆ ಹಾಗೆಯೇ ಕಂಡಿತು.

ಮರುವಾರ ನನ್ನ ಅಂಚೆಪೆಟ್ಟಿಗೆಯಲ್ಲಿ ಒಂದು ಕಾರ್ಡ್ ಸಿಕ್ಕಿತು. ಕೈಬರಹ, ಅದೂ ಕನ್ನಡದಲ್ಲಿ. “ಶ್ರೀಮತಿ ಪದ್ಮಿನಿ ಅವರಿಗೆ ನಮಸ್ಕಾರ” ಎಂದು ಶುರುವಾಗಿ, ಎದುರು ಬಣದ ಅಭ್ಯರ್ಥಿ ಏಕೆ ಒಳ್ಳೆಯವರು ಎಂದು ನಾಲ್ಕು ಸಾಲು, ಒಂದು ಸಭೆಗೆ ಆಹ್ವಾನ. ಸತ್ಯ ಹೇಳುತ್ತೇನೆ: ಓದಿ ನನಗೆ ದುಃಖವಾಗಲಿಲ್ಲ, ಖುಷಿಯಾಯಿತು. ನನ್ನ ಬಲೆಗೆ ಮೀನು ಬಿದ್ದಿತ್ತು.

ಕಾರ್ಡನ್ನು ತಾನ್ಯಾ ಮುಂದಿಟ್ಟೆ. ತಾನ್ಯಾ ಅಟ್ಲಾಂಟಾದವಳು, ಇಡೀ ರಾಜ್ಯದ ಕ್ಷೇತ್ರಕಾರ್ಯದ ಮುಖ್ಯಸ್ಥೆ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಕಾರ್ಡನ್ನು ತಿರುಗಿಸಿ ನೋಡಿ, “ಇದೊಂದೇನಾ ಸಾಕ್ಷಿ?” ಎಂದು ಕೇಳಿದಳು. “ಒಂದೇ ಸಾಕು, ಈ ಹೆಸರು ಬೇರೆ ಯಾರ ಪ್ರತಿಯಲ್ಲೂ ಇಲ್ಲ” ಎಂದೆ. ಖಚಿತವೇ ಎಂದಳು. ನೂರಕ್ಕೆ ನೂರು ಎಂದೆ. ನಾಗೇಂದ್ರರ ಲಾಗಿನ್ ಅನ್ನು ಆ ಮಧ್ಯಾಹ್ನವೇ ತೆಗೆದುಹಾಕಿದೆವು.

ಸಂಜೆ ಅವರು ಕಚೇರಿಗೆ ಬಂದರು. ಬಾಗಿಲು ಮುಚ್ಚಿ ಕೂತು ಕೇಳಿದೆ.

“ಪದ್ಮಿನಿ ಭಾರದ್ವಾಜ್ ಗೊತ್ತಾ ನಿಮಗೆ?”

“ನನ್ನ ಲಿಸ್ಟಲ್ಲಿದಾರೆ ಮೇಡಂ. ಎರಡು ಸಲ ನಾಕ್ ಮಾಡ್ದೆ, ಡೋರ್ ಓಪನ್ ಮಾಡ್ಲಿಲ್ಲ.”

ಅವರು ತಟ್ಟಿದ್ದು ನನ್ನದೇ ಬಾಗಿಲು. ಆ ಹೊತ್ತಿನಲ್ಲಿ ನಾನು ಕಚೇರಿಯಲ್ಲಿರುತ್ತಿದ್ದೆ. ನಗು ಬರಬೇಕಾದ ಮಾತು, ಬರಲಿಲ್ಲ.

“ಅವರ ಹೆಸರು ಬೇರೆ ಯಾರಿಗಾದ್ರೂ ಕೊಟ್ರಾ?”

“ವಿಮಲಾ ಆಂಟಿಗೆ ಹೇಳ್ದೆ ಮೇಡಂ. ಯಾಕಂದ್ರೆ, ಪಾಪ ಅವರು...”

“ಅಷ್ಟು ಸಾಕು” ಎಂದೆ. ಒಪ್ಪಿಕೊಂಡ ಮೇಲೆ ಕಾರಣ ಯಾರಿಗೆ ಬೇಕು ಎಂಬುದು ನನ್ನ ಲೆಕ್ಕ. ಅವರು ಇನ್ನೂ ಏನೋ ಹೇಳಲು ಬಾಯಿ ತೆರೆದರು. ನಾನು ಎದ್ದು ಬಾಗಿಲು ತೆಗೆದೆ. ಕತ್ತಿನಲ್ಲಿದ್ದ ಪ್ರಚಾರದ ಬ್ಯಾಡ್ಜನ್ನು ಬಿಚ್ಚಿ ಮೇಜಿನ ಮೇಲಿಟ್ಟು ಹೋದರು.

ತಾನ್ಯಾ ಉಳಿದ ಮೂವರು ಕ್ಯಾಪ್ಟನ್‌ಗಳಿಗೆ ಎರಡು ಸಾಲಿನ ಇಮೇಲ್ ಕಳಿಸಿದಳು, ನಾಗೇಂದ್ರ ಇನ್ನು ನಮ್ಮೊಡನೆ ಇಲ್ಲ, ಪಟ್ಟಿಯನ್ನು ಜೋಪಾನ ಮಾಡಿ ಎಂದು. ಆ ಎರಡು ಸಾಲು ಮೂರೇ ದಿನದಲ್ಲಿ ಊರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಸುತ್ತಿ, ‘ಲಿಸ್ಟ್ ಕದ್ದನಂತೆ’ ಎಂದಾಯಿತು. ನಾಗೇಂದ್ರರ ಮಗಳನ್ನು ಶನಿವಾರದ ನೃತ್ಯದ ಕ್ಲಾಸಿಗೆ ತಮ್ಮ ಕಾರಿನಲ್ಲಿ ಕರೆದೊಯ್ಯುತ್ತಿದ್ದ ಮನೆಯವರು ಈ ವಾರದಿಂದ ಜಾಗವಿಲ್ಲ ಎಂದರಂತೆ. ಆ ಮನೆಯವರು ಇದ್ದದ್ದು ನಮ್ಮ ಬಣದಲ್ಲಿ. ಕೇಳಿ ನನಗೆ ಒಳಗೊಳಗೇ ಕಸಿವಿಸಿಯಾಯಿತು. ಆದರೂ ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನೇನು ಮಾಡುವುದು ಎಂದು ಸಮಾಧಾನ ಮಾಡಿಕೊಂಡೆ.

ಮತದಾನಕ್ಕೆ ಎಂಟು ದಿನ ಉಳಿದಿದ್ದಾಗ, ಜ್ವರ ಬಂದು ಅಪಾರ್ಟ್‌ಮೆಂಟಿನಲ್ಲೇ ಮಲಗಿದ್ದೆ. ಬೆಳಗ್ಗೆ ಹನ್ನೊಂದರ ಸುಮಾರಿಗೆ ಯಾರೋ ಬಾಗಿಲು ತಟ್ಟಿದರು. ತೆಗೆದರೆ ವಿಮಲಾ ಆಂಟಿ. ಕೈಯಲ್ಲಿ ಒಂದು ಚೀಲ.

“ನೀನಿಲ್ಲಿ?” ಎಂದರು ನನ್ನನ್ನು ನೋಡಿ. “ಪದ್ಮಿನಿ ನಿನ್ನ ರೂಮ್‌ಮೇಟಾ?”

ನಾನು ಬಾಗಿಲಿನಿಂದ ಪಕ್ಕಕ್ಕೆ ಸರಿದೆ. ಅವರೇ ಒಳಗೆ ಬಂದು ಚೀಲವನ್ನು ಮೇಜಿನ ಮೇಲಿಟ್ಟರು. ಎಳ್ಳುಬೆಲ್ಲದ ಪೊಟ್ಟಣ, ಮನೆಯಲ್ಲೇ ಮಾಡಿದ ಎರಡು ಸಕ್ಕರೆ ಅಚ್ಚು, ಒಂದು ಬ್ಲೌಸ್ ಪೀಸ್.

“ಸಂಕ್ರಾಂತಿಗೂ ಬಂದಿದ್ದೆ, ಆಮೇಲೆ ಇನ್ನೊಂದು ಸಲನೂ ಬಂದೆ. ಯಾರೂ ಇರ್ಲಿಲ್ಲ. ರಥಸಪ್ತಮಿನೂ ಕಳೆದುಹೋಯ್ತು, ಇರಲಿ, ಹೊಸದಾಗಿ ಬಂದೋಳು ಅಂತ ಎತ್ತಿಟ್ಟಿದ್ದೆ. ನಾಗೇಂದ್ರ ಹೇಳಿದ್ದ ಕಣೆ. ಯಾರೋ ನಮ್ಮೋಳು ಒಬ್ಳೇ ಇದಾಳೆ, ಯಾರಿಗೂ ಗೊತ್ತಿಲ್ಲ, ಬಾಗಿಲೂ ತೆಗೆಯಲ್ಲ, ಎಳ್ಳು ಬೀರೋ ಲಿಸ್ಟಿಗೆ ಸೇರಿಸ್ಕೊಳ್ಳಿ ಆಂಟಿ ಅಂತ.”

“ಆ ಲಿಸ್ಟು ಯಾರ ಹತ್ತಿರ ಇದೆ ಆಂಟಿ?” ಎಂದು ಕೇಳಿದೆ.

“ಎಲ್ಲರ ಹತ್ರನೂ ಇದೆ. ಎಪ್ಪತ್ತು ಮನೆ, ಒಬ್ಬರ ಕೈಲಾಗುತ್ತಾ? ಮನೆ ಹಂಚ್ಕೊಂಡು ಬೀರಿದ್ವಿ. ಆ ಬಣದ ಹುಡುಗೀರೂ ಇದ್ರು, ನಿಮ್ಮ ಬಣದೋರೂ ಇದ್ರು. ಅವರು ಕಾರ್ಡ್ ಬರೀಬೇಕು ಅಂದಾಗ ಅದೇ ಲಿಸ್ಟ್ ಇಟ್ಕೊಂಡು ಬರೆದ್ರು. ಯಾಕೆ, ತಪ್ಪಾ?”

ತಪ್ಪೇನಿರಲಿಲ್ಲ. ಹಬ್ಬದ ಪಟ್ಟಿ ಅದು, ಯಾರ ಗುಟ್ಟೂ ಅಲ್ಲ. ಜ್ವರದಲ್ಲೇ ಲ್ಯಾಪ್‌ಟಾಪ್ ತೆಗೆದು ನಾಗೇಂದ್ರರ ಪ್ರತಿಯಲ್ಲಿದ್ದ ತೆಲುಗರು, ಗುಜರಾತಿಗಳು, ತಮಿಳರು, ಒಟ್ಟು ಹದಿನೈದು ಮನೆಗಳಿಗೆ ಫೋನ್ ಮಾಡಿದೆ. ಒಬ್ಬರಿಗೂ ಕಾರ್ಡ್ ಬಂದಿರಲಿಲ್ಲ. ಪಟ್ಟಿ ಸೋರಿದ್ದರೆ ಇವರಿಗೂ ಬರಬೇಕಿತ್ತು. ಇಷ್ಟು ಪರೀಕ್ಷೆಗೆ ಒಂದು ಗಂಟೆಯೂ ಬೇಕಾಗಲಿಲ್ಲ. ಒಂದೇ ಉದಾಹರಣೆಯಿಂದ ತೀರ್ಮಾನಕ್ಕೆ ಬಂದವರ ವರದಿಗಳನ್ನು ಇಪ್ಪತ್ತೆಂಟು ವರ್ಷ ಕೆಂಪು ಮಸಿಯಲ್ಲಿ ಗೀಚಿ ವಾಪಸು ಕಳಿಸಿದವಳು ನಾನು. ನಾಚಿಕೆಯಿಂದ ಸಾಯುವಂತಾಯಿತು. ನಾನು ಅನುಮಾನ ಪರಿಹಾರಕ್ಕೆಂದು ಹುಟ್ಟಿಸಿದ ಹೆಂಗಸಿಗೆ ಒಂಟಿತನ ಕಾಡೀತು ಎಂದು ಮರುಗಿದವರು ಇಡೀ ಕಚೇರಿಯಲ್ಲಿ ನಾಗೇಂದ್ರ ಒಬ್ಬರೇ.

ವಿಮಲಾ ಆಂಟಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಪೊಟ್ಟಣವನ್ನು ನನ್ನ ಕಡೆ ಸರಿಸಿ, “ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು ಅಂತಾರೆ. ನೀನೇ ತಿನ್ನು, ಪದ್ಮಿನಿ ಪಾಲಿಂದು” ಎಂದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಆ ದಿನವೇ ತಾನ್ಯಾಗೆ ನನ್ನ ತಪ್ಪನ್ನು ಬರೆದು ಕಳಿಸಿದೆ. ಲಾಗಿನ್ ವಾಪಸು ಬಂತು. ಕ್ಯಾಪ್ಟನ್‌ಗಳಿಗೆ ಇನ್ನೊಂದು ಇಮೇಲ್ ಹೋಯಿತು. ಅದು ಯಾವ ವಾಟ್ಸಾಪ್ ಗುಂಪಿನಲ್ಲೂ ಸುತ್ತಲಿಲ್ಲ. ಭಾನುವಾರ ನಾಗೇಂದ್ರರ ಮನೆಗೆ ಹೋದೆ. ಅವರ ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋದವರು ಮತ್ತೆ ಬರಲಿಲ್ಲ. ನಾನು ಕ್ಷಮೆ ಕೇಳಿದೆ. ಆಂಟಿ ಮನೆ ಮುಂದೆ ಕಂಡ ಕಾರು, ಕಿತ್ತ ಸ್ಟಿಕ್ಕರು, ಎರಡರ ಅನುಮಾನವನ್ನೂ ಒಪ್ಪಿಕೊಂಡೆ.

“ಅದಾ? ಹಿಂದಿನ ಗ್ಲಾಸ್ ಕ್ರ್ಯಾಕ್ ಆಗಿತ್ತು ಮೇಡಂ, ಚೇಂಜ್ ಮಾಡಿಸೋಕೆ ಮುಂಚೆ ಕಿತ್ತಿದ್ದೆ. ಅವತ್ತು ಆಂಟಿ ಮನೆಗೆ ಹೋಗಿದ್ದು ಪದ್ಮಿನಿ ಸಿಕ್ಕಿದ್ರಾ ಅಂತ ಕೇಳೋಕೆ” ಎಂದರು. “ಪರವಾಗಿಲ್ಲ ಬಿಡಿ. ನಿಮ್ಮ ಜಾಬ್ ನೀವು ಮಾಡಿದ್ರಿ. ಕಾಫಿ ತಗೊಳ್ಳಿ, ಆರ್ತಿದೆ.”

ಕೊನೆಯ ವಾರ ಬಂದು ಕೈಜೋಡಿಸಿ ಎಂದು ಕೇಳಿಕೊಂಡೆ. ನೋಡೋಣ ಮೇಡಂ ಎಂದರು. ಬರಲಿಲ್ಲ. ಆ ಶನಿವಾರ ನಮ್ಮ ಅಭ್ಯರ್ಥಿ ಸೋತರು. ಕೆಲವೇ ದಿನಗಳಲ್ಲಿ ಬಣಗಳೆಲ್ಲ ಒಂದಾಗಿ ಒಂದೇ ವೇದಿಕೆಯ ಮೇಲೆ ಕೈ ಎತ್ತಿ ನಿಂತವು. ಯಾರಿಗಾಗಿ ಅಷ್ಟು ಜಗಳವಾಡಿದೆವೋ ಅವರು ನಗುತ್ತಾ ಪರಸ್ಪರ ಬೆನ್ನು ತಟ್ಟಿಕೊಳ್ಳುತ್ತಿದ್ದರು. ನಾನು ಎಲಿಕಾಟ್ ಸಿಟಿಗೆ ಮರಳಿದೆ.

ಆಮೇಲೆಯೂ ಈ ಕೆಲಸ ಬಿಡಲಿಲ್ಲ. ಅಟ್ಲಾಂಟಾದಲ್ಲಿ, ನಾರ್‌ಕ್ರಾಸ್ ಸುತ್ತಮುತ್ತ ದುಡಿದೆ. ಕೈಕೆಳಗಿನವರು ಸಾಕ್ಷಿ ತಂದರೆ, ಎರಡನೆಯದು ಎಲ್ಲಿ ಎಂದು ಕೇಳುತ್ತೇನೆ. ಆರೋಪ ಹೊತ್ತವರ ವಾಕ್ಯ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರುತ್ತೇನೆ. ಅನುಮಾನ ನಮ್ಮ ವೃತ್ತಿಗೆ ಬೇಕು, ನಿಜ. ಆದರೆ ಅದು ಪ್ರಶ್ನೆಯನ್ನಷ್ಟೇ ಕೊಡಬಲ್ಲದು, ಉತ್ತರವನ್ನು ಹುಡುಕಿಕೊಂಡೇ ತರಬೇಕು. ಕೆಲಸ ಕಲಿಸಿದ ಪಾಠ ಇಷ್ಟೇ. ಕಲಿಯಲು ಬೇರೊಬ್ಬರ ಹೆಸರು ಕೆಡಬೇಕಾಯಿತು.

2024ರಲ್ಲಿ ದಕ್ಷಿಣ ಕೆರೊಲೈನಾದ ಪಟ್ಟಿ ಮತ್ತೆ ನನ್ನ ಕೈಗೆ ಬಂತು. ಯಾವ ಮತದಾರ ಯಾವ ಯಾವ ಚುನಾವಣೆಯಲ್ಲಿ ಮತಗಟ್ಟೆಗೆ ಬಂದ, ಯಾವಾಗ ಬರಲಿಲ್ಲ ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ಕೆಲಸಕ್ಕೆ ಬೇಕಿರಲಿಲ್ಲ, ಆದರೂ ನಾಗೇಂದ್ರರ ಹೆಸರು ಹುಡುಕಿದೆ. ಮನೆ ಅದೇ, ಫೋನ್ ಅದೇ. 2020ರ ಫೆಬ್ರವರಿ ಖಾಲಿ. ಆ ನವೆಂಬರ್ ಖಾಲಿ. ಅಲ್ಲಿಂದೀಚೆಗೆ ಎಲ್ಲವೂ ಖಾಲಿ. ಮತ ಹಾಕದವರು ಯಾಕೆ ಹಾಕಲಿಲ್ಲ ಎಂದು ಯಾವ ಪಟ್ಟಿಯೂ ಹೇಳುವುದಿಲ್ಲ. ಅಷ್ಟು ಲಕ್ಷ ಹೆಸರುಗಳಲ್ಲಿ ಅವರೊಬ್ಬರ ಕಾರಣ ಮಾತ್ರ ನನಗೆ ಗೊತ್ತು.