ಫೋಟೊದ ಕತ್ತಲೆಯಲ್ಲಿ ಕೂತಿದ್ದದ್ದು

ಗೆಳೆಯರೇ, ಇವತ್ತು ನಡೆದದ್ದು ಕೇಳಿ. ಪೂರಿಗಾಲಿಯ ನಿಂಗರಾಜಣ್ಣ ಮಧ್ಯಾಹ್ನ ಮಳವಳ್ಳಿಯ ನಮ್ಮ ಸ್ಟುಡಿಯೋಗೆ ಬಂದು, ಬೆಳಿಗ್ಗೆ ತಾನೇ ಮೊಬೈಲಿನಲ್ಲಿ ತೆಗೆದ ಮಗಳ ಫೋಟೊ ಕೊಟ್ಟ. ಬಿಸಿಲಿಗೆ ಮಗುವಿನ ಬಿಳಿ ಫ್ರಾಕು ಸುಣ್ಣ ಬಳಿದ ಹಾಗಿತ್ತು, ಹಿಂದಿನ ಕಬ್ಬಿನ ಗದ್ದೆ ಬರೀ ಕತ್ತಲೆ. ಕಂಪ್ಯೂಟರಿನಲ್ಲಿ ಬೆಳಕು ಇಳಿಸಿದೆ, ಫ್ರಾಕಿನ ಹೂವುಗಳು ಕಂಡವು. ನೆರಳಿನ ಭಾಗವನ್ನು ತಿಳಿ ಮಾಡಿದೆ. ಮಗುವಿನ ಹಿಂದೆ, ಕಬ್ಬಿನೊಳಗೆ, ಚಿರತೆಯ ಮುಖ!

"ಲೇ, ನೀನೇ ಸೇರ್ಸಿದ್ದೀಯ ಕಣ್ಲಾ!" ಎಂದ.

"ಇಲ್ಲ ಕಣಣ್ಣ, ನಾನೇನೂ ಸೇರ್ಸಿಲ್ಲ, ಬರೀ ಬೆಳಕು ಸರಿ ಮಾಡಿವ್ನಿ, ನಿನ್ನ ಫೋಟೊ ಅಂಗೇ ಅದೆ ನೋಡು" ಎಂದು ನಾನು ಮಾಡಿದ ತಿದ್ದುಪಡಿಯನ್ನು ಆಫ್ ಮಾಡಿದೆ. ಮೊದಲಿನ ಕತ್ತಲೆಯೇ ಬಂತು. ಆನ್ ಮಾಡಿದೆ. ಅದೇ ಕಣ್ಣುಗಳು.

"ಅಯ್ಯೋ, ಇವ್ಳು ಮಗೀನ ಕರ್ಕೊಂಡು ಅಲ್ಲೇ ಉಲ್ಲು ಕುಯ್ಯಕ್ಕೆ ಓಗವ್ಳೆ!"

ಹೆಂಡತಿಗೆ ಫೋನು ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಾಗ ಎತ್ತಿದಳು.

"ಕುಡ್ಲು ಅಲ್ಲೇ ಬುಟ್ಟು ಮಗೀನ ಎತ್ಕೊಂಡು ಮನೆಗೆ ಓಡಮ್ಮೀ!"

ಇಬ್ಬರೂ ಮನೆ ಸೇರಿದರು. ಅರಣ್ಯ ಇಲಾಖೆಯವರು ನಾಳೆ ಬೋನು ಇಡುತ್ತಾರಂತೆ.

ನಾಳೆ ತಾನೇ? ನಾನು ಇವತ್ತೇ ಅದೇ ಕಬ್ಬಿನ ಪಕ್ಕದಲ್ಲಿ ಊರಿಗೆ ಹೋಗಬೇಕು. ಆ ಕಡೆ ಹೋಗುವವರು ಯಾರಾದರೂ ಇದ್ದರೆ ಅಂಗಡಿಗೆ ಬನ್ನಿ. ಬೈಕಿನ ಹಿಂದಿನ ಸೀಟು ಖಾಲಿಯಿದೆ, ಪೆಟ್ರೋಲು ನನ್ನದೇ.