ಹಳೆಯ ಬೋರ್ಡಿಗೆ ಕೂಡಿಬಂದ ಮೆಮೊರಿ

ಇವತ್ತು ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆಗೆದೆ, ಬಿಸಿಯಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ನಿಮಗದು ಬರೀ ಧೂಳು ಅನ್ನಿಸಬಹುದು. ಹಳೆಯ ಸರ್ವರ್ ಸಾಕಿದವರಿಗೆ ಅದು ಹಬ್ಬದ ಮನೆಯ ಒಗ್ಗರಣೆ. ನನಗಂತೂ ಹಿಂದಿನ ಒಂದು ವರ್ಷದ ಆಯುಧಪೂಜೆ ನೆನಪಾಗಿ ಬಾಗಿಲಲ್ಲೇ ನಿಂತು ನಕ್ಕೆ.

ಪರದೇಶದ ಸಮಾಮಿಶ್ ಊರಿನ ಈ ಮನೆಗೆ ಬಂದಾಗ ನನ್ನ ಪಾಲಿಗೆ ಉಳಿದದ್ದು ಗ್ಯಾರೇಜಿನ ಒಂದು ಮೂಲೆ. ಯಾವುದೋ ಕಂಪನಿ ಕಳಚಿ ಮಾರಿದ ಸರ್ವರ್ ಬೋರ್ಡೊಂದನ್ನು ಅಲ್ಲಿ ತಂದಿಟ್ಟಿದ್ದೆ. ಮನೆಯ ಫೋಟೋ, ವಿಡಿಯೋಗಳನ್ನೆಲ್ಲ ಕೂಡಿಡಲು ನಮ್ಮದೇ ಯಂತ್ರ ಕಟ್ಟುವ ಹುಚ್ಚು. ಬೋರ್ಡು ತಿಂಗಳುಗಟ್ಟಲೆ ಮಲಗಿಯೇ ಇತ್ತು. ಕೊನೆಗೆ ಹೆಂಡತಿ ವಸುಧಾ ತೀರ್ಪು ಕೊಟ್ಟಳು: "ಆಯುಧಪೂಜೆ ದಿನ ಇದು ಶುರುವಾಗ್ಲಿಲ್ಲ ಅಂದ್ರೆ ಕಾರ್ ಒಳಗೆ, ನಿಮ್ಮ ಗುಜರಿ ಹೊರಗೆ." ಆ ಮೂಲೆ ಹೋದರೆ ಮನೆಯಲ್ಲಿ ನನ್ನದೆನ್ನಲು ಹಲ್ಲುಜ್ಜುವ ಬ್ರಷ್ಷೊಂದೇ. ನಿಜಕ್ಕೂ ಹೆದರಿದೆ.

ಬೋರ್ಡಿಗೆ ಬೇಕಿದ್ದದ್ದು ಮೆಮೊರಿ. ಸರ್ವರ್ ಬೋರ್ಡುಗಳಿಗೆ ಮಡಿ ಜಾಸ್ತಿ. ಮಾಮೂಲಿ ಕಂಪ್ಯೂಟರಿನ ಮೆಮೊರಿ ಸ್ಟಿಕ್ಕನ್ನು ಮೂಸಿಯೂ ನೋಡುವುದಿಲ್ಲ, ರಿಜಿಸ್ಟರ್ಡ್ ಎನ್ನುವ ಬಗೆಯದೇ ಆಗಬೇಕು. ನಾಲ್ಕಾರು ಹಳೆಯ ಸ್ಟಿಕ್ಕು ಹುಡುಕಿ ತಂದು, ಹತ್ತಿರದ ರೆಂಟನ್ ಊರಿನ ಶೇಷಣ್ಣನವರನ್ನು ಹಬ್ಬದೂಟಕ್ಕೆ ಕರೆದೆ. ಜೀವಮಾನವೆಲ್ಲ ವಿಮಾನದ ಬಿಡಿಭಾಗ ಪರೀಕ್ಷಿಸಿ ನಿವೃತ್ತರಾದವರು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಲೇಬಲ್ಲಿನ ಒಂದೊಂದು ಅಕ್ಷರವನ್ನೂ ಬೋರ್ಡ್ ಕಂಪನಿಯ ವೆಬ್‌ಸೈಟಿನ ಜೊತೆ ತಾಳೆ ನೋಡಿದರು.

"ಸ್ಟಿಕ್ಕು ಕೂತ್ಕೊಂಡ್ರೆ ಸಾಲ್ದಯ್ಯ, ಹೊಂದ್ಕೋಬೇಕು," ಎಂದರು.

"ನಮ್ಮ ಜಾತಕಾನೂ ಯಾರೂ ಇಷ್ಟು ನೋಡಿರ್ಲಿಲ್ಲ," ಎಂದಳು ವಸುಧಾ.

ಎಲ್ಲ ಕೂಡಿಬಂತು. ಹಿರಿಯರೆಂದು ಪೂಜೆಯೂ ಅವರದೇ ಆಯಿತು. ಬರಿಯ ಬೋರ್ಡನ್ನು ಮಣೆಯ ಮೇಲಿಟ್ಟು, ಕಣ್ಣು ಮುಚ್ಚಿ, ಧಾರಾಳವಾಗಿ ಅಕ್ಷತೆ ಹಾಕಿದರು. ಮೇಲಿನ ಕಾಳುಗಳನ್ನು ಕೊಡವಿ, ಮೊದಲು ಒಂದೇ ಸ್ಟಿಕ್ಕು ಸಿಕ್ಕಿಸಿ ನೋಡುವ ರೂಢಿಯಂತೆ ಸಿಕ್ಕಿಸಿ, ಸ್ವಿಚ್ ಒತ್ತಿದೆ. ಫ್ಯಾನು ಭೋರೆಂದಿತು. ಆಮೇಲೆ ಬೋರ್ಡು ಮೆಮೊರಿ ಸಿಗದೆ ಕೀಂ ಕೀಂ ಎಂದು ಅಳತೊಡಗಿತು. ಆರಿಸಿ, ಅದೇ ಸ್ಲಾಟಿಗೆ ಬೇರೆ ಸ್ಟಿಕ್ಕು ಸಿಕ್ಕಿಸಿದೆ, ಅದೇ ಅಳು.

"ಲೇಬಲ್ ಸರಿ ಇದೆಯಲ್ಲಯ್ಯ," ಎಂದ ಶೇಷಣ್ಣನವರ ಮುಖ ಬಾಡಿತ್ತು. ನನ್ನದೂ. ವಸುಧಾ ಕಾರಿನ ಕೀ ತರುತ್ತಾಳೆಂದುಕೊಂಡೆ. ಅವಳು ಬೋರ್ಡಿನ ಕರೆಂಟು ತೆಗೆಸಿ, ಸ್ಟಿಕ್ಕನ್ನು ಕಿತ್ತು, ಫೋನಿನ ಬೆಳಕು ಬಿಟ್ಟು ಸ್ಲಾಟಿನೊಳಗೆ ಇಣುಕಿದಳು.

"ಶೇಷಣ್ಣ, ವಿಮಾನಕ್ಕೂ ಅಕ್ಷತೆ ಹಾಕ್ತಿದ್ರಾ?"

ಸ್ಲಾಟಿನ ತಳದಲ್ಲಿ ಅಕ್ಷತೆಯ ಅರಿಶಿನ ಬಣ್ಣದ ಅಕ್ಕಿನುಚ್ಚೊಂದು ಆರಾಮಾಗಿ ಮಲಗಿತ್ತು. ಹುಬ್ಬು ತಿದ್ದುವ ಚಿಮಟದಿಂದ ಅದನ್ನು ನಾಜೂಕಾಗಿ ಎತ್ತಿ, ಸ್ಟಿಕ್ಕನ್ನು ಟಕ್ಕೆಂದು ಕೂರಿಸಿದಳು. ಈ ಸಲ ಅಳುವಿಲ್ಲ. ಪರದೆಯ ಮೇಲೆ ಮೆಮೊರಿಯ ಲೆಕ್ಕ ಮೂಡಿತು. ಉಳಿದವನ್ನೂ ಅವಳೇ ಒಂದೊಂದಾಗಿ ಕೂರಿಸಿದಳು, ಎಲ್ಲವೂ ಹೊಂದಿಕೊಂಡವು. ಶೇಷಣ್ಣನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಪಂಚೆ ಎತ್ತಿ ಕಟ್ಟಿ ಗ್ಯಾರೇಜಿನಲ್ಲೇ ಕುಣಿದೆ.

ಹೀಗೆ ಮೂಲೆ ಉಳಿಯಿತು. ಯಾರಿಗೆ ಎಂದು ಕೇಳಿ. ಈಗ ಅಲ್ಲಿ ಯಂತ್ರಗಳ ಸಾಲೇ ಇದೆ, ಎಲ್ಲ ವಸುಧಾ ಕಟ್ಟಿದ್ದು. ಕರ್ಕ್‌ಲ್ಯಾಂಡ್ ಊರಿನ ಗುಜರಿ ಅಂಗಡಿಗೆ ಡ್ರೈವ್ ಮಾಡಿ ಹಳೆಯ ಬೋರ್ಡು ಆರಿಸಿ ತರುವವಳೂ ಅವಳೇ, ಶೇಷಣ್ಣನವರು ಫೋನ್ ಮಾಡುವುದೂ ಅವಳಿಗೇ. ಇವತ್ತು ಬಾಗಿಲಲ್ಲಿ ನನ್ನ ನಗು ಕೇಳಿ, ಒಳಗೆ ಬೋರ್ಡಿನ ಮೇಲೆ ಬಗ್ಗಿಸಿದ ತಲೆ ಎತ್ತದೆ ಹೇಳಿದಳು: "ರೀ, ಅಲ್ಲೇ ನಿಂತ್ಕೊಳ್ಳಿ. ಏನನ್ನೂ ಮುಟ್ಬೇಡಿ."

ನಿಂತೆ. ಇದ್ದೊಂದು ಜಾಗ ಕಳೆದುಕೊಂಡವನು ಇಷ್ಟು ಖುಷಿಯಾಗಿರಬಾರದು.